ಇಪ್ಪತ್ತೇಳನೆಯ ಡಬ್ಬಿ

ನಿನ್ನೆ ಮಧ್ಯಾಹ್ನದಿಂದ ರಾಜರತ್ನನಿಗೆ ಉಗುಳು ನುಂಗಲು ಹೆದರಿಕೆಯಾಗುತ್ತಿತ್ತು. ದಿನಕ್ಕೆ ಎಷ್ಟು ಸಲ ಉಗುಳು ನುಂಗುತ್ತೇವೆಂದು ಯಾರು ಗಮನಿಸುತ್ತಾರೆ? ನಲವತ್ತಾರು ವರ್ಷ ಅವನೂ ಗಮನಿಸಿರಲಿಲ್ಲ. ಈಗ ಬಬಲೇಶ್ವರದ ಬಸ್ಸಿನ ಕಿಟಕಿಯ ಪಕ್ಕ ಕೂತು, ನಾಲಿಗೆಯ ಕೆಳಗೆ ಸಣ್ಣಗೆ ಒಸರಿ ಕೂಡುತ್ತಿದ್ದ ಆ ಬೆಚ್ಚನೆಯ ನೀರನ್ನು, ಅದು ಬೇರೆ ಯಾರದೋ ಎಂಬಂತೆ ಕಾಯುತ್ತಿದ್ದ. ಬಾಯಿ ತುಂಬಿತು ಅನ್ನಿಸಿದಾಗ ಕಿಟಕಿಯಿಂದ ಹೊರಗೆ ಉಗುಳುತ್ತಿದ್ದ. ಹಿಂದಿನ ಸೀಟಿನ ಹೆಂಗಸು ಎರಡು ಸಲ ಸಹಿಸಿಕೊಂಡಳು. ಮೂರನೆಯ ಸಲ, ಗಾಳಿಗೆ ಎಲ್ಲಾ ನಮ್ಮ ಮಾರಿಗೇ ಬರಾಕತ್ತೇತಿ ಯಪ್ಪಾ, ಗುಟಕಾ ತಿನ್ನೂದಿದ್ರ ಇಳದು ತಿನ್ನು ಅಂದಳು. ಅವನು ಹುಟ್ಟಿದಾಗಿನಿಂದ ಗುಟಕಾ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ. ಆದರೂ ತಪ್ಪಾತ್ರೀ ಅಕ್ಕಾರ ಅಂದ. ಗುಟಕಾದವನೆಂದೇ ತಿಳಿದುಕೊಳ್ಳಲಿ. ಇವತ್ತು ಆ ಅವಮಾನ ಬಹಳ ಹಗುರಾಗಿತ್ತು.

ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಮಲಕಾಜಪ್ಪ, ಗಂಡು, ವಯಸ್ಸು ಅರವತ್ತೆರಡು, ಎದೆಯ ಸ್ಕ್ಯಾನ್. ಕೆಳಗೆ ವಿಜಯಪುರದ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ದಾನೇಶ್ವರಿ ಮೇಡಂ ಸಹಿ. ಶ್ವಾಸಕೋಶದ ಕ್ಯಾನ್ಸರ್ ಆದ ನಲವತ್ತು ಮಂದಿಯ ಕಫವನ್ನೂ ಏನೂ ಆಗದ ನಲವತ್ತು ಮಂದಿಯ ಕಫವನ್ನೂ ಪಕ್ಕ ಪಕ್ಕ ಇಟ್ಟು, ಯಾರ ಉಸಿರಿನ ದಾರಿಯಲ್ಲಿ ಯಾವ ಸೂಕ್ಷ್ಮಜೀವಿ ಮನೆ ಮಾಡಿದೆ, ಅದು ಏನು ಉಂಡು ಏನು ಬಿಡುತ್ತದೆ ಎಂದು ನೋಡುವುದು ಮೇಡಂ ಹಿಡಿದ ಕೆಲಸ. ಊರೂರು ತಿರುಗಿ ಆ ಕಫವನ್ನು ಡಬ್ಬಿಯಲ್ಲಿ ಹಿಡಿದು, ಬರ್ಫದ ಪೆಟ್ಟಿಗೆಯಲ್ಲಿ ವಿಜಯಪುರಕ್ಕೆ ತರುವುದು ರಾಜರತ್ನನ ಕೆಲಸ. ಅದಕ್ಕೂ ಮೊದಲು ಆರು ವರ್ಷ ಟಿಬಿಯವರ ಡಬ್ಬಿಗಳನ್ನು ಹೊತ್ತಿದ್ದ. ಎಂಜಲಿನ ಗಾಡಿ ಬಂತು ನೋಡು ಎಂದು ತಿಕೋಟಾದ ಚಹಾ ಅಂಗಡಿಯಲ್ಲಿ ನಗುತ್ತಿದ್ದರು, ಅವನೂ ನಗುತ್ತಿದ್ದ. ನಿನ್ನೆ ಮೇಡಂ ಅವನನ್ನು ಕರೆದು ಕಂಪ್ಯೂಟರಿನ ಮುಂದೆ ಕೂಡಿಸಿದ್ದರು. ಎಡಕ್ಕೆ ನೀಲಿ ಚುಕ್ಕೆಗಳ ಗುಂಪು, ಅವು ಗಟ್ಟಿ ಇದ್ದವರದು. ಬಲಕ್ಕೆ ಕೆಂಪು ಚುಕ್ಕೆಗಳ ಗುಂಪು, ಅವು ರೋಗಿಗಳದು. ಕೆಂಪಿನ ನಟ್ಟನಡುವೆ ಒಂದೇ ಒಂದು ನೀಲಿ ಚುಕ್ಕೆ, ಮನೆ ತಪ್ಪಿ ಬೇರೆಯವರ ಪಂಗತಿಯಲ್ಲಿ ಕೂತವನ ಹಾಗೆ.

“ಇಪ್ಪತ್ತೇಳನೇ ಡಬ್ಬಿ,” ಅಂದಿದ್ದರು ಮೇಡಂ. “ಬಬಲೇಶ್ವರ ಕಡೆಯ ಮಲಕಾಜಪ್ಪಂದು. ಇಷ್ಟರ ಮ್ಯಾಲೆ ಕ್ಯಾನ್ಸರ್ ಅದ ಅಂತ ಹೇಳಾಕ ಬರೂದಿಲ್ಲ ರಾಜರತ್ನ. ಆ ಜೀವಿಗಳಿಂದ ಗಡ್ಡಿ ಬೆಳಿತದೋ, ಗಡ್ಡಿ ಇದ್ದಲ್ಲಿ ಅವು ಬಂದು ಕೂಡ್ತಾವೋ, ಅದೂ ಇನ್ನೂ ಪೂರಾ ಗೊತ್ತಿಲ್ಲ. ಆದ್ರೂ ನನ್ನ ಮನಸ್ಸು ಕೇಳವಲ್ದು. ಆಸ್ಪತ್ರೆಯ ಸಮಿತಿಯವರನ್ನ ಕೇಳೇನಿ, ಒಂದ ಸ್ಕ್ಯಾನ್ ಮಾಡಿಸಿಬಿಡೂಣು. ನಾಳೆ ಕರಕೊಂಡು ಬರ್ರಿ.”

ಅವನು ಹೂಂ ಅಂದಿದ್ದ. ಆ ಚುಕ್ಕೆಗೆ ಹತ್ತಿ ಕೂತ ಕೆಂಪು ಚುಕ್ಕೆ ಯಾರದೆಂದು ಯಾಕೆ ಕೇಳಿದನೋ. ಹನ್ನೊಂದು, ತಿಕೋಟಾದ ಶಾಂತಪ್ಪ ಅಂದರು ಮೇಡಂ. ಶಾಂತಪ್ಪ ಮಣ್ಣಾಗಿ ಎರಡು ತಿಂಗಳು ಆಗಿತ್ತು.

ಇಪ್ಪತ್ತೇಳನೆಯ ಡಬ್ಬಿಯಲ್ಲಿ ಮಲಕಾಜಪ್ಪನ ಕಫ ಇರಲೇ ಇಲ್ಲ. ಅದು ರಾಜರತ್ನನದೇ. ನಾಗರ ಅಮಾವಾಸ್ಯೆಯ ದಿನ ಅದು. ಹಿಂದಿನ ವಾರವೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಒಪ್ಪಿಕೊಂಡಿದ್ದ ಮಲಕಾಜಪ್ಪ ಡಬ್ಬಿ ಕೈಯಲ್ಲಿ ಹಿಡಿದು ಕೆಮ್ಮಲು ಕೂತಿದ್ದ. ಒಳಗಿನಿಂದ ಅವನ ಹೆಂಡತಿ ಮುದುಕವ್ವ ಬಂದು ಡಬ್ಬಿ ಕಸಿದುಕೊಂಡಳು. ಅಮಾವಾಸ್ಯೆಯ ದಿನ ಗಂಡನ ಉಗುಳು ಸೀಮೆ ದಾಟಬಾರದಂತೆ. ದೃಷ್ಟಿ ತೆಗೆಯುವಾಗಲೂ ಉಪ್ಪು ಮೆಣಸಿನಕಾಯಿಯ ಮೇಲೆ ಮೂರು ಸಲ ಉಗುಳಿಸಿ ನಮ್ಮ ಒಲೆಯಲ್ಲೇ ಸುಡುತ್ತೇವೆ, ಮನುಷ್ಯನ ಉಗುಳು ಮನೆಯ ಬೆಂಕಿಯಲ್ಲೇ ತೀರಬೇಕು, ಅದನ್ನು ಪೆಟ್ಟಿಗೆಯಲ್ಲಿ ಇಟ್ಟು ಒಯ್ದವರು ಏನು ಮಾಡುತ್ತಾರೋ ಯಾರು ಕಂಡಿದ್ದಾರೆ ಎಂಬುದು ಅವಳ ವಾದ. ಮಲಕಾಜಪ್ಪ ನಕ್ಕು, ಆಕಿ ಮುಂದ ನಂದೇನೂ ನಡಿಯೂದಿಲ್ಲೋ ತಮ್ಮಾ, ನಾಡಿದ್ದು ಬಾ ಅಂದಿದ್ದ. ಆದರೆ ಡಬ್ಬಿಗಳೆಲ್ಲ ಮರುದಿನವೇ ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೊರಡುವುದಿತ್ತು. ಮೇಡಂ ಎದುರು ಖಾಲಿ ಡಬ್ಬಿ ಇಟ್ಟು, ಒಬ್ಬ ಮುದುಕಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ ಎನ್ನುವುದು ಅವನಿಗೆ ಬೇಡವಾಗಿತ್ತು. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಹಿಂದೆ, ನೀರಿನ ಟಾಕಿಯ ಗೋಡೆಯ ಮರೆಯಲ್ಲಿ ನಿಂತು ಒಮ್ಮೆ ಕೆಮ್ಮಿದ. ಗಟ್ಟಿ ಇದ್ದವರ ಎದೆಯಿಂದ ಕಫ ಸುಲಭಕ್ಕೆ ಏಳುವುದಿಲ್ಲ. ಉಪ್ಪುನೀರಿನ ಹಬೆ ಎಳೆಸಬೇಕು, ಬೆನ್ನು ತಟ್ಟಬೇಕು, ಅರ್ಧ ತಾಸು ಕಾಯಬೇಕು. ಅವನಿಗೆ ಏನೂ ಬೇಕಾಗಲಿಲ್ಲ. ಎರಡನೆಯ ಕೆಮ್ಮಿಗೇ ಡಬ್ಬಿಯ ಗೆರೆ ಮುಟ್ಟಿತು. ಅವತ್ತು ಒಂಥರಾ ಹೆಮ್ಮೆಯೇ ಆಗಿತ್ತು. ಆ ಸುಲಭವೇ ಈಗ ಅವನನ್ನು ಕೊಲ್ಲುತ್ತಿತ್ತು.

ಬಸ್ಸು ಎಲ್ಲೋ ನಿಂತು ಯಾರನ್ನೋ ಇಳಿಸಿ ಮತ್ತೆ ಹೊರಟಿತು. ಮೊದಲ ತಿಂಗಳಲ್ಲಿ, ಜನರಿಗೆ ತಿಳಿಸಿ ಹೇಳಲು ಬೇಕೆಂದು ಅವನೇ ಕೇಳಿದ್ದಕ್ಕೆ, ಮೇಡಂ ಕೂತು ವಿವರಿಸಿದ್ದರು. ಬಾಯಲ್ಲಿ ಇರುವ ಜೀವಿಗಳು ನಿದ್ದೆಯಲ್ಲಿ ಉಗುಳಿನ ಹನಿಯ ಜೊತೆ ದಾರಿ ತಪ್ಪಿ ಉಸಿರಿನ ಕೊಳವೆಗೆ ಇಳಿಯುತ್ತವಂತೆ. ಎಲ್ಲರಲ್ಲೂ ಇಳಿಯುತ್ತವೆ, ಎದೆ ಅವನ್ನು ಗುಡಿಸಿ ಹೊರಗೆ ಹಾಕುತ್ತದೆ. ಹೊಗೆಗೋ ಧೂಳಿಗೋ ಒಳಗೋಡೆ ಸುಟ್ಟುಕೊಂಡವರಲ್ಲಿ ಕೆಲವು ಅಲ್ಲೇ ನೆಲೆ ನಿಲ್ಲುತ್ತವೆ. ನೆಲೆ ನಿಂತದ್ದಕ್ಕಿಂತ ಅವು ಬಿಡುವ ರಸದ ಮೇಲೇ ಮೇಡಂಗೆ ಅನುಮಾನ. ಹಾಲಿಗೆ ಹೆಪ್ಪ ಹಾಕ್ತೀರಲ್ಲ, ಅಂದಿದ್ದರು, ಹೆಪ್ಪಿನ್ಯಾಗಿನ ಜೀವಿ ಹಾಲ ಉಂಡು ಹುಳಿ ಬಿಡ್ತಾವ, ಆ ಹುಳಿಗೆ ಹಾಲಿನ ಗುಣಾನ ಬದಲಾಗ್ತದ. ಹಂಗ ಎದಿಯೊಳಗೂ ಆಗತಿರಬಹುದು. ಕಾವಲು ಕಾಯೂ ಜೀವಕೋಶಕ್ಕ ಆ ರಸ ಮಂಪರ ಹತ್ತಿಸ್ತದೇನೋ, ಕೆಟ್ಟ ಕೋಶಕ್ಕ ಬೆಳಿಯಾಕ ಸಲಿಗಿ ಕೊಡ್ತದೇನೋ, ಅದನ್ನ ನಾವು ಹುಡುಕಾಕತ್ತೇವಿ. ಈ ಹೆಪ್ಪಿನ ಮಾತನ್ನು ಅವನು ನಲವತ್ತು ಅಂಗಳಗಳಲ್ಲಿ ಕಟ್ಟೆಯ ಮೇಲೆ ಕೂತು, ಕೈ ಆಡಿಸಿ, ಎಲ್ಲರನ್ನೂ ನಗಿಸಿ ಹೇಳಿದ್ದ. ಈಗ ಅದು ಅವನ ಎದೆಯೊಳಗೇ ಕೂತಿತ್ತು. ಯಾರೋ ಒಳಗೆ ಹೆಪ್ಪು ಹಾಕಿ ಬಟ್ಟೆ ಮುಚ್ಚಿಟ್ಟಿದ್ದಾರೆ. ಯಾವಾಗ ಹಾಕಿದರು? ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ತಿಕೋಟಾದ ಶೆಡ್ಡಿನಲ್ಲಿ ಶಾಂತಪ್ಪನ ಜೊತೆ ದುಡಿದ ಎಂಟು ಹಂಗಾಮುಗಳಲ್ಲೋ? ದ್ರಾಕ್ಷಿ ಬಂಗಾರದ ಬಣ್ಣಕ್ಕೆ ಬರಲೆಂದು ಬಾಗಿಲು ಹಾಕಿ ಒಳಗೆ ಗಂಧಕ ಹೊಗೆಯಾಡಿಸುತ್ತಿದ್ದರು, ಮೊದಲು ಬಾಗಿಲು ತೆಗೆಯುವವರಿಗೆ ಕಣ್ಣು ಮೂಗು ಗಂಟಲು ಒಂದೇ ಉರಿ. ನೀ ತೆಗಿ ನಾ ತೆಗಿ ಎಂದು ಇಬ್ಬರೂ ಜಗಳಾಡಿ ಕಡೆಗೆ ಕೂಡಿಯೇ ತೆಗೆಯುತ್ತಿದ್ದರು. ಹೋದ ಬೇಸಿಗೆಯಲ್ಲಿ ಅದೇ ಶಾಂತಪ್ಪ ಹಾಸಿಗೆಯಲ್ಲಿ ಒರಗಿ ಕೂತು, ಡಬ್ಬಿ ತುಂಬಿಸಿ, ಬಾಯಿ ಒರೆಸಿಕೊಂಡು, ನಿನ್ನ ಧಂದೆ ನಡಿಯಾಕ ನಮ್ಮಂಥ ಮಂದೀನ ಬೇಕೋ ರತ್ನಾ, ಗಟ್ಟಿ ಇದ್ದಾವ್ರು ಏನ ಕೊಟ್ಟಾರು ಎಂದು ನಗಲು ಹೋಗಿ ಕೆಮ್ಮಿದ್ದ. ಆ ಕೆಮ್ಮು ಹೇಗಿತ್ತು? ರಾಜರತ್ನ ಮೆಲ್ಲಗೆ ಒಮ್ಮೆ ಕೆಮ್ಮಿ, ಹೋಲಿಸಿ ನೋಡಿದ. ಹಿಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಎಳೆದುಕೊಂಡಳು.

ಬೆಳಿಗ್ಗೆ ಇಬ್ರಾಹಿಂಪುರದ ಮನೆಯಲ್ಲಿ, ತಾನು ಚಹಾ ಕುಡಿದ ಲೋಟವನ್ನು ತಾನೇ ತೊಳೆದು ಬೇರೆ ಗೂಡಿನಲ್ಲಿ ಬೋರಲು ಹಾಕಿದ್ದ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗ ಅಲ್ಲ ಎಂದು ನೂರು ಮಂದಿಗೆ ತಾನೇ ಹೇಳಿದವನು. ಅವನ ಹೆಂಡತಿ ಪೂನಮ ಅದನ್ನು ನೋಡಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. “ಏನ್ರಿ, ಬುದ್ಧನ ಫೋಟೋ ಇರೂ ಮನಿಯಾಗೂ ಬ್ಯಾರೆ ಲೋಟಾ ಬಂತೇನು?” ನಗಿಸುವುದಕ್ಕೆ ಕೇಳಿದ್ದಳು. ಹಳ್ಳಿಗಳಲ್ಲಿ ತನಗೆ ಯಾವ ಯಾವ ಮನೆಯವರು ಯಾವ ಯಾವ ಲೋಟದಲ್ಲಿ ಕೊಟ್ಟರು ಎಂಬುದನ್ನು ದಿನಾ ಬಂದು ಅವಳ ಮುಂದೆ ಅಣಕಿಸಿ ತೋರಿಸುತ್ತಿದ್ದವನು ಅವನೇ ತಾನೆ. ಲೋಟ ಸೀಳೇತಿ ಎಂದು ಹೇಳಿ ಹೊರಬಿದ್ದಿದ್ದ. ಲೋಟ ಸೀಳಿರಲಿಲ್ಲ. ಓಣಿಯ ತಿರುವಿಗೆ ಬಂದಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರಬಹುದು ಅನ್ನಿಸಿತ್ತು.

ಬಸ್ಸಿನಲ್ಲಿ ಕೂತು ಅವನು ಮಾಡಿಕೊಂಡ ಉಪಾಯ ಸಣ್ಣದಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಮೇಡಂ ಮಲಕಾಜಪ್ಪನನ್ನು ಕಣ್ಣಿಂದ ಕಂಡವರಲ್ಲ. ಇವತ್ತು ಅವರು ಮೀಟಿಂಗಿನಲ್ಲಿ ಇರುತ್ತಾರೆ, ಸ್ಕ್ಯಾನಿನವರಿಗೆ ತನ್ನ ಗುರುತಿಲ್ಲ. ಮಲಕಾಜಪ್ಪನಿಂದ ಆಧಾರ್ ಕಾರ್ಡನ್ನಷ್ಟೇ ಇಸಿದುಕೊಂಡರೆ ಆಯಿತು, ಆ ಕಾರ್ಡಿನ ಫೋಟೋದಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ತಿಳಿಯುವುದಿಲ್ಲ. ತಾನೇ ಮಲಕಾಜಪ್ಪನಾಗಿ ಹೋಗಿ ಮಲಗಿಬಿಡುವುದು. ಏನೂ ಇಲ್ಲದಿದ್ದರೆ ಕಥೆ ಮುಗಿಯಿತು, ನೌಕರಿಯೂ ಉಳಿಯಿತು. ಇದ್ದರೆ? ಇದ್ದರೆ ಮಲಕಾಜಪ್ಪನಿಗೆ ಇದೆ ಎಂದು ಕಾಗದ ಹೇಳುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಅವನ ಯೋಚನೆ ಕಣ್ಣಿಲ್ಲದ ದನದ ಹಾಗೆ ನಿಂತುಬಿಡುತ್ತಿತ್ತು. ಕಾಗದದ ಮೇಲೆ ಮಲಕಾಜಪ್ಪ ರೋಗಿಯಾಗುತ್ತಾನೆ. ಹಾಸಿಗೆಯ ಮೇಲೆ ಯಾರು?

ಮಲಕಾಜಪ್ಪನ ಮನೆ ಊರು ಬಿಟ್ಟು ಮಮದಾಪುರದ ದಾರಿಗೆ, ಹೊಲದಲ್ಲೇ ಇತ್ತು. ಅಂಗಳದಲ್ಲಿ ಮೂರು ಕುರಿಗಳನ್ನು ಕಟ್ಟಿತ್ತು. ಬಾರೋ ಕಫದ ಸಾಹೇಬಾ ಎಂದು ಕರೆದು ಮಲಕಾಜಪ್ಪ ಕಂಬಳಿ ಝಾಡಿಸಿ ಹಾಸಿದ. ಗಟ್ಟಿ ಆಳು, ಕೂತಲ್ಲಿಂದಲೇ ಕುರಿಯನ್ನು ಗದರಿಸಿದರೆ ಪಕ್ಕದ ಹೊಲಕ್ಕೆ ಕೇಳುವ ದನಿ. ಮುದುಕವ್ವ ಚಹಾ ತಂದಳು. ಹಿಂದೆ ಬಂದಾಗೆಲ್ಲ ರಾಜರತ್ನನಿಗೆ ಕಾಗದದ ಕಪ್ಪು, ಮಲಕಾಜಪ್ಪನಿಗೆ ಸ್ಟೀಲಿನ ಲೋಟ. ಇವತ್ತು ತಟ್ಟೆಯಲ್ಲಿ ಎರಡೂ ಸ್ಟೀಲಿನ ಲೋಟಗಳಿದ್ದವು, ಒಂದೇ ಅಳತೆಯವು, ಒಂದರ ಮೇಲೊಂದು ಕೂಡುವಂಥವು. ಮುದುಕವ್ವ ತಟ್ಟೆಯನ್ನು ಸ್ವಲ್ಪ ಹೊತ್ತು ಹೆಚ್ಚೇ ಹಿಡಿದು ನಿಂತಳು, ನೋಡಿದೆಯಾ ಎನ್ನುವ ಹಾಗೆ. ಮಲಕಾಜಪ್ಪ ಬೇರೆ ಕಡೆ ನೋಡುತ್ತಿದ್ದ. ಮನೆಯೊಳಗೆ ಈ ಬಗ್ಗೆ ಮಾತಾಗಿದೆ, ಬಹುಶಃ ಜಗಳವೇ ಆಗಿದೆ ಎಂದು ರಾಜರತ್ನನಿಗೆ ಹೊಳೆಯಿತು. ಬೇರೆ ಯಾವ ದಿನವಾದರೂ ಆಗಿದ್ದರೆ ಸಂಜೆ ಪೂನಮಳ ಮುಂದೆ ಇದನ್ನೇ ಮೂರು ಸಲ ಹೇಳುತ್ತಿದ್ದ. ಆದರೆ ಈಗ ಆ ಲೋಟದ ಅಂಚಿಗೆ ತನ್ನ ತುಟಿ ಹತ್ತುವುದನ್ನು ನೆನೆದು ಅವನ ಕೈ ಹಿಂದೆ ಸರಿಯಿತು.

“ಕಾಗದದ ಕಪ್ಪ ಇದ್ರ ಅದರಾಗ ಕೊಡ್ರಿ ಅವ್ವಾರ,” ಅಂದ.

ಮುದುಕವ್ವನ ಮುಖ ಸಣ್ಣದಾಯಿತು. ತಟ್ಟೆ ಕೆಳಗಿಟ್ಟು, ನಾವು ಕೊಡೂಣು ಅಂದ್ರ ಇವರು ತಗೊಳ್ಳಾಂಗಿಲ್ಲ ನೋಡು ಎಂದು ಗಂಡನಿಗೆ ಹೇಳಿದಳು. ಹಾಗಲ್ಲರಿ, ನನ್ನ ಬಾಯಾಗ ಹುಣ್ಣು ಆಗ್ಯಾವ ಎಂದು ರಾಜರತ್ನ ಮತ್ತೊಂದು ಸುಳ್ಳು ಹೇಳಿದ. ಸೀಳಿದ ಲೋಟ, ಬಾಯಿಹುಣ್ಣು, ಅಮಾವಾಸ್ಯೆಯ ಡಬ್ಬಿ, ಸುಳ್ಳುಗಳು ಒಂದರಿಂದ ಒಂದು ಹುಟ್ಟಿ ಅವನೊಳಗೆ ಬೆಳೆಯುತ್ತಲೇ ಇದ್ದವು. ಆ ದನಿಯಲ್ಲೇ ತಡಮಾಡದೆ ಕೇಳಿಬಿಟ್ಟ, ಮೇಡಂ ಕಡೆಯ ಕಾಗದಪತ್ರ ಸರಿಮಾಡುವುದಿದೆ, ನೀವು ಬರುವುದು ಬೇಡ, ಒಂದು ದಿನದ ಮಟ್ಟಿಗೆ ಆಧಾರ್ ಕಾರ್ಡು ಕೊಟ್ಟರೆ ಸಾಕು.

ಮಲಕಾಜಪ್ಪ ಚಹಾ ಪೂರಾ ಮುಗಿಸಿದ. ಲೋಟ ಇಟ್ಟ. ಜೇಬಿನಿಂದ ಹೊರಬಂದು ರಾಜರತ್ನನ ಬೆರಳುಗಳಲ್ಲಿದ್ದ ಚೀಟಿಯನ್ನೇ ನೋಡುತ್ತ ಅಂದ, “ಅವತ್ತ ನೀ ಖಾಲಿ ಡಬ್ಬಿ ಒಯ್ದಿ. ಖಾಲಿ ಡಬ್ಬಿಗೆ ಯಾಕೋ ಬೇಕು ಆಧಾರ್ ಕಾರ್ಡು? ನನ್ನ ಹೆಸರಿನ್ಯಾಗ ಯಾರು ಉಗುಳಿದ್ರು?”

ರಾಜರತ್ನ ಹೇಳಿದ. ಟಾಕಿಯ ಗೋಡೆ, ಎರಡು ಕೆಮ್ಮು, ನೀಲಿ ಚುಕ್ಕೆ, ಶಾಂತಪ್ಪ, ಎಲ್ಲವನ್ನೂ ನೆಲ ನೋಡುತ್ತ ಹೇಳಿದ. ಹೇಳುತ್ತಾ ಹೇಳುತ್ತಾ ಬಾಯಿ ತುಂಬಿಕೊಂಡು ಮಾತು ತೊದಲಿತು, ಎದ್ದು ಅಂಗಳದಾಚೆ ಹೋಗಿ ಉಗುಳಿ ಬಂದು ಉಳಿದದ್ದನ್ನು ಹೇಳಿದ. ಬೈಯುತ್ತಾರೆಂದುಕೊಂಡಿದ್ದ. ಮುದುಕವ್ವ ಬೈಯಲಿಲ್ಲ. ಅವಳು ಹೆದರಿದ್ದಳು. ಬಂದು ಗಂಡನ ಹತ್ತಿರ ನಿಂತು ಅವನ ಭುಜದ ಮೇಲೆ ಕೈಯಿಟ್ಟಳು, ಅಲ್ಲೇ ಇದ್ದಾನೆಯೇ ಎಂದು ನೋಡುವವಳಂತೆ.

“ಉಗುಳ ಕೊಡಬಾರದಂತ ನಾ ಕಾದ್ನಿ,” ಅಂದಳು. “ಹೆಸರ ಹೋಗಿದ್ದು ನನಗ ತಿಳೀಲಿಲ್ಲ. ಯಾರದೋ ಬ್ಯಾನಿ ಮ್ಯಾಲ ಇವರ ಹೆಸರ ಬರದಿಟ್ಟಾರ, ಮೂರು ತಿಂಗಳಾತು. ತಮ್ಮಾ, ನಿನ್ನ ಕಾಲ ಬೀಳ್ತೇನಿ, ಇವರ ಹೆಸರ ತಿರುಗಿ ತಂದ ಕೊಡು.”

ಕಾಲಿಗೆ ಬೀಳುತ್ತೇನೆ ಎಂದು ಆ ಅಂಗಳದಲ್ಲಿ ತನಗೆ ಯಾರಾದರೂ ಹೇಳಿಯಾರೆಂದು ಅವನು ಯಾವತ್ತೂ ಎಣಿಸಿರಲಿಲ್ಲ. ಅದರಲ್ಲಿ ಒಂದಿಷ್ಟೂ ಸುಖ ಇರಲಿಲ್ಲ. ಅವಳ ಹೆದರಿಕೆ ಮೂಢನಂಬಿಕೆ ಎಂದು ತಿಳಿಸಿ ಹೇಳುವ ಮಾತುಗಳೆಲ್ಲ ಅವನಿಗೆ ಬಾಯಿಪಾಠ ಇದ್ದವು, ಒಂದೂ ನೆನಪಾಗಲಿಲ್ಲ. ತನ್ನ ಹೆದರಿಕೆಗಿಂತ ಅವಳದು ದಡ್ಡತನದ್ದೆಂದು ಯಾವ ಬಾಯಿಂದ ಹೇಳುವುದು? ಮಲಕಾಜಪ್ಪ ಎದ್ದು ರುಮಾಲು ಸುತ್ತಿಕೊಂಡ, ನಡಿ ಅಂದ.

ಬಬಲೇಶ್ವರದಿಂದ ಜೀಪು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಏಳು ಮಂದಿಯ ನಡುವೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಉಗುಳಲು ಕಿಟಕಿಯೂ ಇರಲಿಲ್ಲ. ಕರವಸ್ತ್ರ ತೊಯ್ದು ತಪ್ಪಡಿಯಾಯಿತು. ಮಲಕಾಜಪ್ಪ ಮಳೆ, ತೊಗರಿ, ಕುರಿ ಎಂದು ಬೇರೆಯವರೊಡನೆ ಮಾತಾಡುತ್ತಲೇ ಇದ್ದ. ವಿಜಯಪುರ ಹತ್ತಿರ ಬಂದು ಗೋಲಗುಮ್ಮಟ ಕಂಡಾಗ ಮಾತು ನಿಲ್ಲಿಸಿ, ಇವನ ಕಡೆ ಬಾಗಿ ಮೆಲ್ಲಗೆ ಅಂದ, “ಅಲ್ಲಿ ನಾ ಬಾಯಿ ತೆಗಿಯೂದಿಲ್ಲ. ಹೆಸರ ನಂದು ಖರೆ, ತಿರುಗಿ ಕೊಡಾಂವ ನೀನು. ನಾ ಕಸಗೊಳ್ಳಾಂವಲ್ಲ.”

ಸ್ಕ್ಯಾನಿನ ಕೋಣೆಯ ಹೊರಗೆ ಮೇಡಂ ನಿಂತಿದ್ದರು. ಮೀಟಿಂಗ್ ಮುಂದೆ ಹೋಗಿತ್ತಂತೆ. ರುಮಾಲಿನ ಮಲಕಾಜಪ್ಪನನ್ನು ಕಂಡು, ಅಜ್ಜಾರ ಬರ್ರಿ, ಹೆದರಬ್ಯಾಡ್ರಿ, ಫೋಟೋ ತಗದಂಗ ಅಷ್ಟ, ನೋವಾಗೂದಿಲ್ಲ ಎಂದು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆ ಕೈ, ಆ ದನಿ ತನಗಾಗಿ ಇದ್ದದ್ದು ಎಂದು ರಾಜರತ್ನನಿಗೆ ಅನ್ನಿಸಿತು. ನಲವತ್ತಾರು ವರ್ಷದ ಗಂಡಸಿಗೆ ಯಾರೋ ತನ್ನ ಕೈಯನ್ನೂ ಹಾಗೆ ಹಿಡಿಯಲಿ ಎಂದು ಅಳು ಬರುವಷ್ಟು ಆಸೆಯಾಯಿತು. ಮಲಕಾಜಪ್ಪ ಬೆಂಚಿನ ಮೇಲೆ ಕೂತ, ಕೋಲಿನ ಮೇಲೆ ಎರಡೂ ಕೈ ಊರಿ. ಪಕ್ಕದಲ್ಲಿ ರಾಜರತ್ನ. ಎದುರಿನ ಗೋಡೆಗೆ ಎದೆಗೂಡಿನ ದೊಡ್ಡ ಚಿತ್ರ, ಟೊಂಗೆ ಒಡೆದು ತಲೆಕೆಳಗಾಗಿ ನಿಂತ ಗಿಡದಂಥ ಉಸಿರಿನ ದಾರಿ. ಅದರ ಯಾವ ಟೊಂಗೆಯಲ್ಲಿ? ಇನ್ನೂ ಸಮಯವಿದೆ ಎಂದು ಒಂದು ದನಿ ಹೇಳುತ್ತಿತ್ತು. ಸುಮ್ಮನಿರು. ಮುದುಕ ಒಳಗೆ ಹೋಗುತ್ತಾನೆ, ಸ್ವಚ್ಛ ಎದೆ ಕಾಣುತ್ತದೆ, ಮೇಡಂ ನಗುತ್ತಾರೆ, ನೀಲಿ ಚುಕ್ಕೆ ಯಂತ್ರದ ತಪ್ಪಾಗುತ್ತದೆ. ನೀನು ಮುಂದಿನ ತಿಂಗಳು ಸೊಲ್ಲಾಪುರಕ್ಕೋ ಮಿರಜಿಗೋ ಹೋಗಿ ಯಾರಿಗೂ ತಿಳಿಯದಂತೆ ನೋಡಿಸಿಕೋ. ಮುಂದಿನ ತಿಂಗಳು. ಶಾಂತಪ್ಪನೂ ಹಂಗಾಮು ಮುಗಿಯಲಿ ಎಂದು ಮುಂದಿನ ತಿಂಗಳಿಗೇ ದಬ್ಬಿದ್ದ.

ಬಾಗಿಲು ತೆರೆದು ಸ್ಕ್ಯಾನಿನ ಅಯೂಬ ಇಣುಕಿ, “ಮಲಕಾಜಪ್ಪ” ಎಂದು ಕರೆದ.

ಮಲಕಾಜಪ್ಪ ಕದಲಲಿಲ್ಲ. ಅವನ ಬೆರಳುಗಳು ಮಾತ್ರ ಕೋಲಿನ ಮೇಲೆ ಒಂದೊಂದಾಗಿ ಏರಿಳಿದವು. ಕಿವಿ ಮಂದ ಇರಬೇಕೆಂದು ಅಯೂಬ ಮತ್ತೆ, ಇನ್ನೂ ಜೋರಾಗಿ ಕರೆದ. ಆ ಹೆಸರು ಗೋಡೆಗೆ ಬಡಿದು ಬಂದು ಬೆಂಚಿನ ಮೇಲೆ ಇಬ್ಬರ ನಡುವೆ ಕೂತಿತು. ಮೇಡಂ ತಿರುಗಿ ನೋಡಿದರು. ರಾಜರತ್ನನ ಬಾಯಿ ತುಂಬಿತ್ತು. ಕರವಸ್ತ್ರ ತೊಯ್ದಿತ್ತು, ಕಿಟಕಿ ದೂರ ಇತ್ತು, ಬಾಯಿ ತುಂಬಿಕೊಂಡು ಮಾತಾಡಲು ಬರುವುದಿಲ್ಲ. ಅವನು ಕಣ್ಣು ಮುಚ್ಚಿ ನುಂಗಿದ. ಬೇಕೆಂದೇ ಉಗುಳು ನುಂಗಿದ್ದು ನಿನ್ನೆಯಿಂದ ಇದೇ ಮೊದಲು. ಬೆಚ್ಚಗೆ, ಉದ್ದಕ್ಕೆ, ಅದು ಎಲ್ಲಿಯವರೆಗೆ ಇಳಿಯಿತೆಂದು ಅವನಿಗೆ ಗೊತ್ತಾಯಿತು.

“ಇಪ್ಪತ್ತೇಳು ನಾನ್ರಿ ಮೇಡಂ,” ಅಂದ. “ಆ ಡಬ್ಬಿಯಾಗಿಂದು ನಂದು. ಇವರದಲ್ಲ.”

ಮೇಡಂಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರು ಕೂಗಾಡಲಿಲ್ಲ. ಅವನ ಮುಖ ನೋಡದೆ ಒಂದೇ ಮಾತು ಕೇಳಿದರು, “ಉಳಿದ ಎಪ್ಪತ್ತೊಂಬತ್ತು?” ಅವು ಖರೆ ಅದಾವ್ರಿ ಅಂದ. ಅಂದದ್ದೇ ಅದರ ಬೆಲೆ ಅವನಿಗೇ ಗೊತ್ತಾಯಿತು. ಇನ್ನು ಮೇಲೆ ಅವನು ಬಿಸಿಲಲ್ಲಿ ತಿರುಗಿ, ನಗಿಸಿ, ಬೆನ್ನು ತಟ್ಟಿ ತಂದ ಒಂದೊಂದು ಡಬ್ಬಿಯ ಮೇಲೂ ಆ ಟಾಕಿಯ ಗೋಡೆಯ ನೆರಳು ಬಿದ್ದೇ ಇರುತ್ತದೆ. ಮೇಡಂ ಚೀಟಿ ಇಸಿದುಕೊಂಡು, ಹೆಸರು ಹೊಡೆದು, ಮೇಲೆ ಬೇರೆ ಹೆಸರು ಬರೆದರು. ಹೊಡೆದ ಗೆರೆಯನ್ನು ಮಲಕಾಜಪ್ಪ ಬಗ್ಗಿ ನೋಡಿದ. ಆ ಮಾತು ಆಮೇಲೆ, ಮೊದಲ ಒಳಗ ಹೋಗ್ರಿ ಎಂದರು ಮೇಡಂ. ಕೈ ಹಿಡಿಯಲಿಲ್ಲ.

ಮೈಮೇಲೆ ಲೋಹದ್ದು ಏನೂ ಇರಬಾರದು ಎಂದು ಅಯೂಬ ಹೇಳಿದ. ರಾಜರತ್ನ ಕೊರಳಿನ ಬುದ್ಧನ ಪದಕ ಬಿಚ್ಚಿ, ಎಲ್ಲಿಡುವುದೆಂದು ತೋಚದೆ ನಿಂತ. ಬೆಂಚಿನಿಂದಲೇ ಮಲಕಾಜಪ್ಪ ಅಂಗೈ ಚಾಚಿದ. ಬೆವರಿಗೆ ಒದ್ದೆಯಾದ ಪದಕವನ್ನು ರುಮಾಲಿನ ತುದಿಗೆ ಗಂಟು ಹಾಕಿಕೊಂಡು, “ಹೋಗಿ ಬಾ, ಇಲ್ಲೇ ಕುಂತಿರ್ತೇನಿ,” ಅಂದ.

ಒಳಗೆ ಚಳಿ ಇತ್ತು. ಹಲಗೆ ಅವನನ್ನು ಹೊತ್ತು ಬಿಳಿಯ ಬಳೆಯೊಳಗೆ ಮೆಲ್ಲಗೆ ಸರಿಯಿತು. ಗಾಜಿನಾಚೆಯಿಂದ ಅಯೂಬ ಅವನದೇ ಹೆಸರು ಹಿಡಿದು ಕರೆದು, ಉಸಿರು ಜಗ್ಗಿ ಹಿಡಕೊಳ್ರಿ ಅಂದ. ರಾಜರತ್ನ ಜಗ್ಗಿದ. ಗಂಧಕದ ಕೋಣೆಯ ಬಾಗಿಲು ತೆಗೆಯುವ ಮುಂಚೆ ಶಾಂತಪ್ಪನೂ ಅವನೂ ಹೀಗೇ, ಕೆನ್ನೆ ಉಬ್ಬಿಸಿ, ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದು, ಉಸಿರು ಹಿಡಿಯುತ್ತಿದ್ದರು. ಬಾಗಿಲು ತೆಗೆದು ಹೊರಗೆ ಓಡಿ, ಬಿಸಿಲಲ್ಲಿ ನಿಂತು ಬಿಡುತ್ತಿದ್ದರು. ತಲೆಯ ಸುತ್ತ ಏನೋ ಗಿರ್ರೆಂದು ತಿರುಗಿತು. ಎದೆಯೊಳಗೆ ಮುಚ್ಚಿಟ್ಟ ಬಟ್ಟೆಯನ್ನು ಯಾರೋ ಎತ್ತಿ ನೋಡುತ್ತಿದ್ದರು. ಅವನು ಉಸಿರು ಹಿಡಿದೇ ಇದ್ದ, ಬಿಡ್ರಿ ಎಂದು ಅಯೂಬ ಹೇಳುವುದನ್ನು ಕಾಯುತ್ತ.